ಗಂಡನ ಪಾಲಿನ ಕಾಫಿ

ಸೆಲ್ಲಿ ಓಕ್, ಬರ್ಮಿಂಗ್‌ಹ್ಯಾಮ್

ದೊಡ್ಡಮ್ಮ, ಇಲ್ಲಿಂದಲೇ ಅಡ್ಡಬಿದ್ದೆ.

ಕೆಮ್ಮು ವಾಸಿಯಾಗಿದೆ, ತಲೆ ಮಾತ್ರ ಕೆಟ್ಟಿದೆ. ಮನೋರೋಗ ವಿಭಾಗದಲ್ಲಿ ಇವತ್ತು ನಾನು ಪರೀಕ್ಷಿಸಿದ್ದು ಗಂಡನನ್ನು ಕಳೆದುಕೊಂಡ ಕೊಲಂಬಿಯಾದ ಹೆಂಗಸೊಬ್ಬರನ್ನು. “ಎದುರಿಗೆ ಇಲ್ಲದವರ ದನಿ ಕೇಳಿಸುತ್ತಾ?” ಎಂದು ದುಭಾಷಿಯ ಮೂಲಕ ಕೇಳಿದೆ.

“ಕೇಳ್ಸುತ್ತೆ. ದಿನಾ ಬೆಳಗ್ಗೆ ನಮ್ಮೆಜಮಾನ್ರಿಗೆ ಕಾಫಿ ಇಡ್ತೀನಿ. ಸಕ್ಕರೆ ಸಾಲದು ಅಂತಾರೆ,” ಎಂದು ನಕ್ಕರು.

ಹಿರಿಯ ಡಾಕ್ಟರು ಇದನ್ನು ಕಾಯಿಲೆ ಎಂದೇ ಬರೆಯಲು ಹೇಳಿದ್ದಾರೆ. ನನ್ನ ಕೈ ಓಡುತ್ತಿಲ್ಲ. ನೀವೂ ದೊಡ್ಡಪ್ಪನ ಫೋಟೋ ಮುಂದೆ ದಿನಾ ಕಾಫಿ ಇಟ್ಟು ಮಾತಾಡುತ್ತೀರಲ್ಲ, ಅವರು ಏನಾದರೂ ಉತ್ತರ ಕೊಡುತ್ತಾರೆಯೇ? ಫೋನಿನಲ್ಲಿ ಕೇಳಲು ನನಗೆ ಬಾಯಿ ಬರಲಿಲ್ಲ.

ಬಸ್ಸು ಬಂತು. ಈ ಪೋಸ್ಟ್‌ಕಾರ್ಡ್ ತಲುಪಿದ ಕೂಡಲೇ ನೀವೇ ಫೋನ್ ಮಾಡಿ. ಅಲ್ಲಿಯವರೆಗೂ ಆಕೆಯ ವರದಿ ತಡೆದಿಡುತ್ತೇನೆ.

ಅಹಲ್ಯಾ