ಐದು ಕಾಯಿಲ್‌ಗಳು

ಲ್ಯಾವಿಂಗ್ಟನ್, ನೈರೋಬಿ
೨೦ ಜೂನ್ ೨೦೧೬

ಪ್ರಿಯ ಡಾ. ವರ್ಷಿಣಿ,

ಸಿಗರೇಟು ಬಿಡಲೆಂದು ಹೋದ ವರ್ಷ ನೀವು ಕೊಟ್ಟ ಇ-ಸಿಗರೇಟಿನ ಸಾಮಾನಿನ ಪೆಟ್ಟಿಗೆಯನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ತಂತಿ ಸುತ್ತುವ ಕಡ್ಡಿ, ಚಿಮಟ, ಕತ್ತರಿ, ಮೀಟರು ಎಲ್ಲವೂ ಅದರಲ್ಲಿವೆ. ಸಣ್ಣ ಡಬ್ಬಿಯಲ್ಲಿ, ದ್ರವ ಕಾಯಿಸಿ ಹೊಗೆ ಬರಿಸಲು ನಾನೇ ತಂತಿ ಸುತ್ತಿ ಮಾಡಿದ ಐದು ಕಾಯಿಲ್‌ಗಳಿವೆ. ಹೊಳಪು ಕಳೆದುಕೊಂಡಿರುವುದು ಹೋದ ವರ್ಷದ್ದು. ಅದರ ಏಳು ಸುತ್ತುಗಳೂ ಒಂದೇ ಸಮ ಇವೆ. ಉಳಿದ ನಾಲ್ಕು ನಿನ್ನೆಯವು. ಅವನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿ. ಸುತ್ತುವಾಗ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ಅದುರುತ್ತದೆ.

"ಏನ್ರೀ, ಬೆಳಗ್ಗಿಂದ ಅದೇ ತಂತಿ! ಇದಕ್ಕಿಂತ ಸಿಗರೇಟೇ ವಾಸಿಯಿತ್ತು," ಎಂದಳು ವಿಮಲಾ. ಬೆಳಕು ಸಾಲದು ಎಂದೆ. ಬೆಳಕು ಚೆನ್ನಾಗಿಯೇ ಇತ್ತು.

ಗುರುವಾರ ನಮ್ಮ ಕಾಂಪೌಂಡಿನ ಕಾವಲುಗಾರ ಮುತುವಾನ ಬಲಗಣ್ಣಿನ ಪೊರೆ ತೆಗೆಯಬೇಕು. ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿದೆ. "ಡಾಕ್ಟರ್, ನಿಮ್ಮ ಕೈಯೇ ಆಗಬೇಕು" ಎಂದು ಎರಡು ತಿಂಗಳು ಕಾದಿದ್ದಾನೆ. ದಯವಿಟ್ಟು ಆ ಆಪರೇಷನ್ ನೀವು ಮಾಡಿ. ನನ್ನ ಹೆಸರಿನಲ್ಲಿರುವ ಉಳಿದ ಆಪರೇಷನ್‌ಗಳನ್ನೂ ಯಾರಿಗಾದರೂ ಹಂಚಿಬಿಡಿ. ಆಸ್ಪತ್ರೆಗೆ ನಾನೇ ಬರೆಯುತ್ತೇನೆ. ಮೊದಲು ನಿಮಗೆ ತಿಳಿಯಲಿ ಎನಿಸಿತು. ವಿಮಲಾಗೆ ಇನ್ನೂ ಹೇಳಿಲ್ಲ.

ಮೇಜಿನ ಮೇಲೆ ಮಲಗಿದ ಮೇಲೆ ಮುತುವಾ ನನ್ನನ್ನು ಕೇಳಿದರೆ, ಪಕ್ಕದಲ್ಲೇ ಇದ್ದಾರೆ ಎನ್ನಿ. ಅದು ಸುಳ್ಳಾಗುವುದಿಲ್ಲ. ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತಿರುತ್ತೇನೆ.

ನಿಮ್ಮ,
ಚಕ್ರಪಾಣಿ