ಮೂರನೇ ಬೆಂಚಿನ ಹುಡುಗಿ

ಇಂಚೋನ್,
ನವೆಂಬರ್ 27, 2016

ಪ್ರೀತಿಯ ಬೊಕ್‌ನ್ಯೊ ಅಕ್ಕನಿಗೆ,

ನೀನು ಕಳಿಸಿದ ಕಿತ್ತಳೆ ಪೆಟ್ಟಿಗೆ ಬಂದು ಇಪ್ಪತ್ತು ದಿನವಾಯಿತು. ತಲುಪಿತು ಅಂತ ಒಂದು ಮಾತು ತಿಳಿಸದೆ ಕೂತಿದ್ದೇನೆ. ಬೈದುಕೊಂಡಿರುತ್ತೀಯ, ಬೈದುಕೋ. ನೀನು ಮೂರು ಸಲ ಫೋನ್ ಮಾಡಿದ್ದೂ ಗೊತ್ತು. ಫೋನ್ ಮೇಜಿನ ಮೇಲೆ ನಡುಗುವುದನ್ನೇ ನೋಡುತ್ತಿದ್ದೆ, ಎತ್ತಲಿಲ್ಲ. ನಿನ್ನ ಆ ಗಡಸು ದನಿ ಕಿವಿಗೆ ಬಿದ್ದಿದ್ದರೆ ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿಬಿಡುತ್ತಿದ್ದೆ. ಕಾಗದದಲ್ಲಾದರೆ ನಿಲ್ಲಿಸಿ ನಿಲ್ಲಿಸಿ ಹೇಳಬಹುದು.

ನಿನ್ನ ಮೊಣಕಾಲು ಹೇಗಿದೆ? ಹಣ್ಣು ತುಂಬುವ ಶೆಡ್ಡಿನಲ್ಲಿ ದಿನವಿಡೀ ನಿಂತಿರಬೇಡ, ಒಂದು ಸ್ಟೂಲು ಕೇಳಿಕೋ. ಇಲ್ಲಿ ಕೇಳಿದರೆ ಕೊಡುತ್ತಾರೆ. ಕೇಳುವುದನ್ನೇ ನಾವು ಕಲಿತು ಬಂದಿಲ್ಲ. ನಾನು ಮೊನ್ನೆ ಚಳಿಗಾಲದ ಕಿಮ್ಚಿ ಹಾಕಿದೆ, ಒಬ್ಬಳಿಗೆ ಅಂತ ಎಂಟೇ ಎಂಟು ಕೋಸು. ಎದುರುಮನೆ ಅಜ್ಜಿ ಬಂದು ಒಂದು ಎಲೆ ಬಾಯಿಗೆ ಹಾಕಿಕೊಂಡು, "ಖಾರಾನೇ ಇಲ್ವಲ್ಲೇ. ಪಾಪ, ಅಲ್ಲಿ ಮೆಣಸಿನಪುಡೀನೂ ಸಿಗ್ತಿರಲಿಲ್ವಾ?" ಅಂದಳು. ಉತ್ತರದಲ್ಲಿ ನಮ್ಮ ಕಡೆ ಕಿಮ್ಚಿ ಹಾಕುವ ಬಗೆಯೇ ಅದು ಅಂತ ವಾದಕ್ಕೆ ಹೋಗಲಿಲ್ಲ. "ಹೌದಜ್ಜಿ, ಸಿಗ್ತಿರಲಿಲ್ಲ" ಅಂದೆ. ಅಜ್ಜಿಗೆ ಖುಷಿಯಾಯಿತು, ಹೋಗಿ ಅರ್ಧ ಡಬ್ಬಿ ಮೆಣಸಿನಪುಡಿ ತಂದುಕೊಟ್ಟಳು. ಎಂಟು ವರ್ಷದಿಂದ ನನ್ನ ಹೊಟ್ಟೆಪಾಡೂ ಇದೇ ಅಲ್ಲವೇ ಅಕ್ಕ, ಇವರಿಗೆ ಹಿತವಾಗುವ ಹಾಗೆ ನಮ್ಮ ಬಡತನ ಹೇಳುವುದು.

ಆ ವಿಷಯವೇ ಬರೆಯಬೇಕಾಗಿರುವುದು. ಉತ್ತರದಿಂದ ಓಡಿಬಂದವರ ಪುನರ್ವಸತಿ ಕೇಂದ್ರದಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದಾಗ ನೀನೇ "ನೀನು ಟೀಚರಾಗಿದ್ದವಳು, ಬಾಯಿದೆ, ಬದುಕಿಕೊಳ್ತೀಯ ಬಿಡು" ಅಂದಿದ್ದೆ. ಬದುಕಿಕೊಂಡೆ. ಆದರೆ ನಾನು ಆ ಬಾಯಲ್ಲಿ ಏನು ಹೇಳುತ್ತೇನೆ ಅಂತ ನೀನು ಒಮ್ಮೆಯೂ ಬಂದು ಕೇಳಿಲ್ಲ.

ಶಾಲೆಯಿಂದ ಶಾಲೆಗೆ ಹೋಗಿ ಎರಡು ಕೊರಿಯಾಗಳ ಆರ್ಥಿಕತೆಯನ್ನು ಹೋಲಿಸುವ ಒಂದು ಗಂಟೆಯ ಪಾಠ ಅದು. ಮೊದಲು ಆಕಾಶದಿಂದ ತೆಗೆದ ಫೋಟೋ ತೋರಿಸುತ್ತೇನೆ: ದಕ್ಷಿಣ ಝಗಝಗ, ಉತ್ತರ ಮಸಿ ಚೆಲ್ಲಿದ ಹಾಗೆ. ಆಮೇಲೆ ಅಂಕಿಗಳು. ತಲಾ ಆದಾಯ ಇಲ್ಲಿ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಕರೆಂಟು, ರಸ್ತೆ, ಅಕ್ಕಿ, ಹಾಲು. ನಂತರ ಹದಿನಾಲ್ಕರ ಹುಡುಗನೊಬ್ಬನನ್ನು ಮುಂದೆ ಕರೆದು, ಅಲ್ಲಿಯ ಅದೇ ವಯಸ್ಸಿನವನು ಇವನ ಭುಜಕ್ಕೆ ಬರುತ್ತಾನೆ ಅಂತ ಅವನ ಭುಜದ ಮೇಲೆ ಕೈಯಿಟ್ಟು ತೋರಿಸುತ್ತೇನೆ. ಮಕ್ಕಳು ನಗುತ್ತಾರೆ. ಒಬ್ಬ ಕೇಳುತ್ತಾನೆ, "ಅಲ್ಲಿ ವೈಫೈ ಇತ್ತಾ ಟೀಚರ್?" ಇನ್ನೊಬ್ಬ, "ಇಲಿ ತಿಂದಿದ್ದೀರಾ? ಕೋಳಿ ಥರಾನೇ ಇರುತ್ತಂತಲ್ಲ?" ಮುಕ್ಕಾಲು ಪಾಲು ಮಕ್ಕಳು ನಿದ್ದೆಹೋಗಿರುತ್ತಾರೆ.

ನನ್ನನ್ನು ಕಳಿಸುವ ಸಂಸ್ಥೆಯ ಮ್ಯಾನೇಜರ್ ನಾಮ್‌ಗುಂಗ್ ಅಂತ. ಸೂಟು ತೊಟ್ಟ ತೆಳ್ಳನೆಯ ಮನುಷ್ಯ, ಮಾತು ಬೆಣ್ಣೆ. ಮೊದಲ ವರ್ಷವೇ ಕಾರಿನಲ್ಲಿ ಹೇಳಿದ್ದ: "ಮೇಡಂ, ಅಂಕಿ ಕೇಳಿ ಯಾರೂ ಅಳೋದಿಲ್ಲ. ಒಂದು ಮಗು ಬೇಕು. ನಿಮ್ಮ ತರಗತಿಯಲ್ಲಿ ಯಾರೂ ಸಾಯಲಿಲ್ವಾ?"

ಸತ್ತಿದ್ದರು ಅಂದೆ.

"ನೋಡಿ ಮತ್ತೆ! ಇಷ್ಟು ದಿನ ಬಚ್ಚಿಟ್ಟುಕೊಂಡಿದ್ರಾ?"

ಅಂದಿನಿಂದ ನನ್ನ ಪಾಠಕ್ಕೆ ಒಬ್ಬ ಹುಡುಗಿ ಬಂದಳು. ಹೆಸರು ಕ್ಯೊಂಗ್‌ಸಿಲ್. ಒಂಬತ್ತು ವರ್ಷ, ಮೂರನೇ ಬೆಂಚು. ತೊಂಬತ್ತೇಳರ ಮಾರ್ಚಿನಲ್ಲಿ, ಗುಣಾಕಾರದ ಪಾಠ ನಡೆಯುತ್ತಿದ್ದಾಗ, ಬೆಂಚಿನ ಮೇಲೆ ತಲೆಯಿಟ್ಟಳು, ಮತ್ತೆ ಎತ್ತಲಿಲ್ಲ. ನಾನು ಹತ್ತಿರ ಹೋಗಿ ಮೆಲ್ಲಗೆ ಭುಜ ಮುಟ್ಟಿದೆ. ತಣ್ಣಗಿತ್ತು. ಇಷ್ಟು ಹೇಳಿ ಸುಮ್ಮನಾಗುತ್ತೇನೆ. ನಿದ್ದೆಹೋದ ಮಕ್ಕಳೂ ಎದ್ದು ಕೂರುತ್ತಾರೆ. ಹಿಂದೆ ನಿಂತ ನಾಮ್‌ಗುಂಗ್ ಗಡಿಯಾರ ನೋಡಿ ತಲೆಯಾಡಿಸುತ್ತಾನೆ. ಒಂದು ಸಲ ಮಾತ್ರ ಬೇಜಾರು ಮಾಡಿಕೊಂಡ: "ಸಾವನ್ನ ಐದು ನಿಮಿಷ ಮುಂಚೆ ತನ್ನಿ ಮೇಡಂ. ಊಟದ ಬೆಲ್ ಹೊಡೆದುಬಿಟ್ರೆ ಎಲ್ಲಾ ಹಾಳು."

ಅಕ್ಟೋಬರಿನಲ್ಲಿ ಅನ್ಸಾನ್ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಪಾಠ ಮುಗಿಯುವ ಹೊತ್ತಿಗೆ ಸಭಾಂಗಣದ ಬಾಗಿಲಲ್ಲಿ ಅಡಿಗೆಮನೆಯ ನಾಲ್ಕು ಹೆಂಗಸರು ಬಂದು ನಿಂತಿದ್ದರು. ಮೂವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾಲ್ಕನೆಯವಳು ರಬ್ಬರ್ ಬೂಟು ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಊಟಕ್ಕೆ ಮುಖ್ಯೋಪಾಧ್ಯಾಯರು ಕೂರಿಸಿದರು. ಉಂಡ ತಟ್ಟೆ ಇಡಲು ಅಡಿಗೆಮನೆಯ ಕಿಟಕಿಗೆ ಹೋದಾಗ ಆ ಬೂಟಿನವಳು ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡಳು. ಒಳಗೆ ಆಳೆತ್ತರದ ನಾಲ್ಕು ಡ್ರಮ್ಮು. ಮಕ್ಕಳು ಬಿಟ್ಟ ಅನ್ನ, ಕರಿದ ಹಂದಿಮಾಂಸ, ಸಾರು, ಎಲ್ಲವನ್ನೂ ಅವಳು ತಟ್ಟೆಯಿಂದ ಕೆರೆದು ಕೆರೆದು ಅದರೊಳಗೆ ತಳ್ಳುತ್ತಿದ್ದಳು. ಕೆಲಸ ನಿಲ್ಲಿಸದೆಯೇ, ನಮ್ಮ ಗಣಿ ಊರಿನ ಭಾಷೆಯಲ್ಲಿ ಹೇಳಿದಳು:

"ಟೀಚರ್, ನಾನು ಸತ್ತಿದ್ದನ್ನ ತುಂಬಾ ಚೆನ್ನಾಗಿ ಹೇಳಿದ್ರಿ. ನಮ್ಮ ಹೆಂಗಸರೆಲ್ಲ ಅತ್ತರು. ನನಗೂ ಅಳು ಬರೋದರಲ್ಲಿತ್ತು."

ಬಲಹುಬ್ಬಿನ ಮೇಲೆ ಗಾಯದ ಗುರುತು, ಅಗಲ ಹಣೆ. ಅವಳೇ.

"ಕ್ಯೊಂಗ್‌ಸಿಲ್? ನೀನು ಸತ್ತುಹೋದೆ ಅಂತ ಹೇಳಿದ್ರಲ್ಲೇ..."

"ಯಾರು ಹೇಳಿದ್ರೋ ಹೇಳಿರಲಿ. ಬೆಂಚಿನ ಮೇಲೆ ಸತ್ತೆ ಅಂತ ಯಾರು ಹೇಳಿದ್ರು? ಆ ಚಳಿಗಾಲ ಪೂರ್ತಿ ನಾನು ಬೆಂಚಿನ ಮೇಲೆ ಕೂತೇ ಇರಲಿಲ್ವಲ್ಲ ಟೀಚರ್."

ಇದನ್ನು ನಿನಗೂ ಹೇಳಿಲ್ಲ, ಅಕ್ಕ. ಆ ವರ್ಷ ತರಗತಿಯ ಒಲೆಗೆ ಪ್ರತಿ ಮಗುವೂ ದಿನಕ್ಕೊಂದು ಕಟ್ಟು ಸೌದೆ ತರಬೇಕು ಅಂತ ನಿಯಮ ಇತ್ತು. ತರದವರು ಹೊರಗೆ. ಬೇರೆ ಟೀಚರುಗಳು ಒಂದೆರಡು ದಿನ ಹೊರಗೆ ನಿಲ್ಲಿಸಿ ಆಮೇಲೆ ಕಂಡೂ ಕಾಣದ ಹಾಗೆ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ನಾನು ಬಿಡಲಿಲ್ಲ. ನಿಯಮ ತಪ್ಪದ ತರಗತಿ ಅಂತ ನನ್ನದಕ್ಕೆ ಆ ವರ್ಷ ಮೆಚ್ಚುಗೆಯ ಬಾವುಟ ಸಿಕ್ಕಿತ್ತು. ಕ್ಯೊಂಗ್‌ಸಿಲ್‌ಳ ಅಪ್ಪ ಗಣಿಯಲ್ಲಿ ಸತ್ತಿದ್ದ, ತಾಯಿ ಹಾಸಿಗೆ ಹಿಡಿದಿದ್ದಳು. ಅವಳು ಜನವರಿಯಿಡೀ ಬರಿಗೈಯಲ್ಲಿ ಬಂದು ಕಿಟಕಿಯ ಹೊರಗೆ ನಿಂತು ಪಾಠ ಕೇಳುತ್ತಿದ್ದಳು. ಬಾಯಲ್ಲಿ ಮಗ್ಗಿ ಹೇಳಿಕೊಳ್ಳುವುದು ಗಾಜಿನಾಚೆಯಿಂದ ಕಾಣುತ್ತಿತ್ತು. ಫೆಬ್ರವರಿಯಲ್ಲಿ ಬರುವುದನ್ನು ನಿಲ್ಲಿಸಿದಳು.

ಚಿಕ್ಕಮ್ಮ ಅವಳನ್ನು ಹೆಪ್ಪುಗಟ್ಟಿದ ನದಿ ದಾಟಿಸಿ ಚೀನಾಕ್ಕೆ ಕರೆದೊಯ್ದಳಂತೆ. ಹದಿನೈದಕ್ಕೆ ಅಲ್ಲಿಯ ಹಂದಿ ಸಾಕುವವನೊಬ್ಬನಿಗೆ ಮಾರಿದಳಂತೆ. ಇಲ್ಲಿಗೆ ಬಂದು ನಾಲ್ಕು ವರ್ಷ. ಇದನ್ನೆಲ್ಲ ಅವಳು ತಟ್ಟೆ ಕೆರೆಯುತ್ತಲೇ, ಇನ್ಯಾರದೋ ಸುದ್ದಿ ಅನ್ನುವ ಹಾಗೆ ಹೇಳಿದಳು. ಆಮೇಲೆ ಕೇಳಿದಳು:

"ಒಂದು ಸಲ ನಾನು ಸತ್ರೆ ನಿಮಗೆಷ್ಟು ಸಿಗುತ್ತೆ ಟೀಚರ್?"

ಹೇಳಿದೆ. ಸುಳ್ಳು ಹೇಳಲು ಆಗಲಿಲ್ಲ.

"ಪರವಾಗಿಲ್ವೇ! ಬದುಕಿದ್ದು ನಾಲ್ಕು ದಿನ ಪಾತ್ರೆ ತೊಳೆದ್ರೂ ನನಗೆ ಅಷ್ಟು ಬರೋದಿಲ್ಲ." ನಕ್ಕಳು. ಆಮೇಲೆ ಕೈಗವಸು ಬಿಚ್ಚಿ ನನ್ನೆದುರು ನಿಂತಳು. "ಹೇಳಿಕೊಳ್ಳಿ, ನಾನು ಬೇಡ ಅನ್ನಲ್ಲ. ಒಂದೇ ಒಂದು ಮಾತು ಸೇರಿಸಿ. ಬಾಗಿಲು ಹಾಕಿದ್ದನ್ನೂ ಹೇಳಿ. ಅಲ್ಲಿ ಬಡತನ, ಅದಕ್ಕೇ ಸತ್ತಳು ಅಂತ ಈ ಮಕ್ಕಳು ತಿಳ್ಕೊಂಡು ಹೋಗ್ತಿದ್ದಾರೆ. ಬಡತನ ಬಾಗಿಲು ಹಾಕಲಿಲ್ಲ ಟೀಚರ್. ನೀವು ಹಾಕಿದ್ರಿ."

ಆಯಿತು ಅಂದೆ. ಅವಳ ಕೈ ಹಿಡಿದು ಆಣೆಯಿಟ್ಟ ಹಾಗೆ ಹೇಳಿದೆ, ಮುಂದಿನ ಸಲ ಖಂಡಿತ ಸೇರಿಸುತ್ತೇನೆ ಅಂತ.

ಮುಂದಿನ ಸಲ ಬಂದದ್ದು ಈ ತಿಂಗಳ ಮೊದಲ ವಾರ, ಅದೇ ಶಾಲೆಯಲ್ಲಿ, ಪೋಷಕರಿಗಾಗಿ. ನಾಮ್‌ಗುಂಗ್ ಒಬ್ಬ ಕ್ಯಾಮೆರಾದವನನ್ನೂ ಕರೆತಂದಿದ್ದ. ಮುನ್ನೂರು ಜನ ಇದ್ದರು. ಅಂಕಿಗಳನ್ನು ಹೇಳಿದೆ, ಫೋಟೋ ತೋರಿಸಿದೆ. ಮೂರನೇ ಬೆಂಚಿಗೆ ಬಂದೆ. ಕ್ಯೊಂಗ್‌ಸಿಲ್ ಬಾಗಿಲ ಹತ್ತಿರ ಏಪ್ರನ್ ಕಟ್ಟಿಕೊಂಡು ನಿಂತು ಕಾಯುತ್ತಿದ್ದಳು. ನಾನು ಬಾಗಿಲಿನ ಮಾತು ಎತ್ತಲಿಲ್ಲ. ಭುಜ ಮುಟ್ಟಿದೆ, ತಣ್ಣಗಿತ್ತು ಅಂದೆ, ಸುಮ್ಮನಾದೆ. ಸಭೆಯಲ್ಲಿ ಮೂಗು ಎಳೆದುಕೊಳ್ಳುವ ಸದ್ದು ಶುರುವಾಯಿತು.

ಅವಳು ನಡುದಾರಿಯಲ್ಲಿ ಬೂಟು ಕಿರಗುಟ್ಟಿಸುತ್ತ ಮುಂದೆ ಬಂದಳು.

"ಆ ಹುಡುಗಿ ನಾನೇ. ನಾನು ಸತ್ತಿಲ್ಲ. ಸೌದೆ ತರಲಿಲ್ಲ ಅಂತ ಈ ಟೀಚರ್ ನನ್ನನ್ನ ಹೊರಗೆ ನಿಲ್ಲಿಸಿದ್ರು."

ನಾಮ್‌ಗುಂಗ್ ಮುಖ ಮೊದಲು ಅರಳಿದ್ದನ್ನು ನೀನು ನೋಡಬೇಕಿತ್ತು. ಓಡಿ ಬಂದು ಪಿಸುಗುಟ್ಟಿದ: "ನಿಜಾನಾ ಮೇಡಂ? ಗುರು ಶಿಷ್ಯೆ ಮಿಲನ! ಅಪ್ಪಿಕೊಳ್ಳಿ, ಬೇಗ ಅಪ್ಪಿಕೊಳ್ಳಿ, ಕ್ಯಾಮೆರಾ ಆನ್ ಇದೆ!"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವಳೂ ನೋಡುತ್ತಿದ್ದಳು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು.

ನಾನು ಮೈಕಿನಲ್ಲಿ ಹೇಳಿದೆ: "ಈ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ದಯವಿಟ್ಟು ಇವಳ ಮೇಲೆ ಸಿಟ್ಟು ಮಾಡ್ಕೋಬೇಡಿ. ಅಲ್ಲಿಂದ ಬಂದವರಲ್ಲಿ ಕೆಲವರಿಗೆ ತಲೆ ಕೆಟ್ಟಿರುತ್ತೆ. ಅಷ್ಟು ಹಸಿವು ಅನುಭವಿಸಿದ್ದಾರೆ, ಪಾಪ."

ಎಷ್ಟು ಚೆನ್ನಾಗಿ ಹೇಳಿದೆ ಗೊತ್ತಾ ಅಕ್ಕ. ದನಿ ನಡುಗಲಿಲ್ಲ. ಸಭೆಯೆಲ್ಲ "ಅಯ್ಯೋ" ಅಂತು. ಮುಂದಿನ ಸಾಲಿನ ಒಬ್ಬ ತಾಯಿ ಪಕ್ಕದವಳಿಗೆ ಕೇಳಿಸುವಂತೆಯೇ ಅಂದಳು, "ಇಂಥವಳ ಕೈಲಿ ನಮ್ಮ ಮಕ್ಕಳ ಊಟಾನಾ? ತಟ್ಟೆಗೆ ಏನಾದ್ರೂ ಹಾಕಿಬಿಟ್ರೆ?" ಮುಖ್ಯೋಪಾಧ್ಯಾಯರು ಎದ್ದು ನಿಂತರು.

ಕ್ಯೊಂಗ್‌ಸಿಲ್ ಕೂಗಾಡಲಿಲ್ಲ. ತರಗತಿಯಲ್ಲಿ ನಾವು ಕಲಿಸಿದ್ದೆವಲ್ಲ, ಹಾಗೆ ಕೈ ಎರಡೂ ಪಕ್ಕಕ್ಕಿಟ್ಟು ಸೊಂಟದಿಂದ ಬಾಗಿದಳು.

"ಸರಿ ಟೀಚರ್. ಹೊರಗೇ ನಿಲ್ತೀನಿ."

ಮಾರನೆಯ ವಾರ ಅಲ್ಲಿಗೆ ಹೋದೆ. ಯಾಕೆ ಹೋದೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ. ಅಡಿಗೆಮನೆಯ ಹಿರಿಯ ಹೆಂಗಸು ನನ್ನನ್ನು ಗುರುತು ಹಿಡಿದು, ನೀರು ಕೊಟ್ಟು ಕೂರಿಸಿದಳು. "ಆ ಹುಚ್ಚಿಯನ್ನ ಮೂರೇ ದಿನಕ್ಕೆ ತೆಗೆದು ಹಾಕಿದ್ರು ಮೇಡಂ, ನೀವೇನೂ ಹೆದರಬೇಡಿ" ಅಂದಳು. ಎಲ್ಲಿಗೆ ಹೋದಳು ಅಂದರೆ, ಪೂರ್ವ ಕರಾವಳಿಯಲ್ಲಿ ಮೀನು ಸೀಳುವ ಕೆಲಸ ಹುಡುಕಿಕೊಂಡು ಹೋಗಿರಬೇಕು ಅಂದಳು. ಕೆಲಸದ ಜೊತೆ ಇರಲು ಕೊಟ್ಟಿದ್ದ ಕೋಣೆಯೂ ಹೋಯಿತಂತೆ. "ಒಳ್ಳೆ ಕೆಲಸಗಾರ್ತಿ. ಆದರೆ ಸ್ವಲ್ಪ ಉಳಿದ ಅನ್ನ ಡ್ರಮ್ಮಿಗೆ ಸುರಿಯುವಾಗಲೂ ಮುಖ ತಿರುಗಿಸಿಕೊಳ್ತಿದ್ಲು. ಆಗಲೇ ನಮಗೆ ಅನುಮಾನ ಇತ್ತು."

ನಾಮ್‌ಗುಂಗ್‌ಗೆ ನನ್ನ ಮೇಲೆ ಗೌರವ ಇಮ್ಮಡಿಯಾಗಿದೆ. "ಎಂಥಾ ಸಮಯಪ್ರಜ್ಞೆ ಮೇಡಂ! ನಾನಾಗಿದ್ರೆ ತೊದಲಿಬಿಡ್ತಿದ್ದೆ" ಅಂದ. ಡಿಸೆಂಬರಿನಲ್ಲಿ ಹನ್ನೊಂದು ಶಾಲೆ ಗೊತ್ತುಮಾಡಿದ್ದಾನೆ. ಹೋಗುತ್ತೇನೆ. ಮನೆ ಬಾಡಿಗೆ ಇದೆ, ಹಲ್ಲು ಕಟ್ಟಿಸಬೇಕು, ಬೇರೆ ಕೆಲಸ ನನಗೆ ಯಾರು ಕೊಡುತ್ತಾರೆ? ಅಲ್ಲಿ ಒಂದು ಬಾವುಟಕ್ಕೆ ಮಾಡಿದೆ, ಇಲ್ಲಿ ಹಲ್ಲಿಗೆ ಮಾಡುತ್ತಿದ್ದೇನೆ. ನೀನು ಈ ಸಾಲು ಓದಿ ಕಾಗದ ಹರಿದು ಹಾಕಬಹುದು. ಹರಿಯುವ ಮೊದಲು ಕೊನೆವರೆಗೆ ಓದು.

ಕಿತ್ತಳೆ ಇನ್ನು ಕಳಿಸಬೇಡ ಅಕ್ಕ. ಅರ್ಧ ಕೊಳೆತವು, ಅರ್ಧ ಎದುರುಮನೆಗೆ ಕೊಟ್ಟೆ. ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೋ. ಚಳಿಗಾಲ ನಿನ್ನ ಮೇಲೆ ಹಗುರಾಗಿ ಹಾದುಹೋಗಲಿ, ನಿನಗೆ ಹೊಟ್ಟೆತುಂಬ ಊಟ, ಕಣ್ಣುತುಂಬ ನಿದ್ದೆ ಇರಲಿ. ನನ್ನಂಥವಳ ಹಾರೈಕೆ ಫಲಿಸುವುದಾದರೆ ಇಷ್ಟು ಫಲಿಸಲಿ.

ನಿನ್ನ,
ಮ್ಯೊಂಗ್‌ಓಕ್

ತಾ.ಕ.: ಒಂದು ಮಾತು ಬಿಟ್ಟು ಬರೆದಿದ್ದೇನೆ. ಅಕ್ಟೋಬರಿನಲ್ಲಿ ನಾನು ಅಡಿಗೆಮನೆಯಿಂದ ಹೊರಡುವಾಗ ಕ್ಯೊಂಗ್‌ಸಿಲ್ ಕೇಳಿದಳು, "ಸೊಲ್‌ಹ್ವಾ ಹೇಗಿದ್ದಾಳೆ ಟೀಚರ್? ಮದುವೆ ಆಯ್ತಾ?" ಸೊಲ್‌ಹ್ವಾ ನನ್ನ ಮಗಳು. ನನಗೆ ಮಕ್ಕಳಿಲ್ಲ ಅಂತ ಕೇಂದ್ರದ ಫಾರಮ್ಮಿನಲ್ಲಿ ಬರೆಸಿದ್ದೆ, ನಿನಗೂ ಹಾಗೇ ಹೇಳಿದ್ದೆ. ಅವಳೂ ಅದೇ ತರಗತಿಯಲ್ಲಿದ್ದಳು. ಮೂರನೇ ಬೆಂಚು ಅವಳದು. ವೇದಿಕೆಯ ಮೇಲೆ ಮೊದಲ ಸಲ ಯಾರೋ ಮಗುವಿನ ಹೆಸರೇನು ಅಂದಾಗ ಅವಳ ಹೆಸರು ಬಾಯಿಗೆ ಬರಲಿಲ್ಲ, ಸತ್ತಳೆಂದು ಕೇಳಿದ್ದ ಇನ್ನೊಬ್ಬಳ ಹೆಸರು ಬಂತು. ಕ್ಯೊಂಗ್‌ಸಿಲ್ ಬದುಕಿದ್ದಾಳೆ ಅಂತ ನಾನು ಒಪ್ಪಿಕೊಂಡಿದ್ದರೆ, ಹಾಗಾದರೆ ಸತ್ತವಳು ಯಾರು ಅಂತ ಆ ಮುನ್ನೂರು ಜನ ಕೇಳುತ್ತಿದ್ದರು. ಭುಜ ಮುಟ್ಟಿದ್ದು ಸುಳ್ಳು. ಟೀಚರ ಮಗಳೇ ಎಲ್ಲರೆದುರು ನಿದ್ದೆ ಮಾಡುತ್ತಾಳಲ್ಲ ಅಂತ ನನಗೆ ಸಿಟ್ಟು ಬಂದಿತ್ತು. ಬೆತ್ತದಿಂದ ಬೆಂಚಿಗೆ ಬಡಿದು "ಏಳೇ" ಅಂದೆ. ಏಳಲಿಲ್ಲ. ಎರಡನೇ ಏಟು ಬೆಂಚಿಗೆ ಹಾಕಲಿಲ್ಲ, ಅಕ್ಕ.