ಎಡ ಮೊಣಕೈ ಕುರಿತು ಒಂದು ನಿವೇದನೆ

ತಾರೀಕು ೧೪, ಗುರುವಾರ, ಬೆಳಿಗ್ಗೆ

ಐವತ್ತು ವರ್ಷಗಳ ಗೆಳೆಯರೂ ಗಾಲ್ಫ್ ಮೈದಾನದ ಹಾಲಿ ತರಬೇತುದಾರರೂ ಆದ ಕಡ್ಡಿಯವರಿಗೆ, ಅದೇ ಮೈದಾನದ ಹುಲ್ಲು ಸವರಿ ನಿವೃತ್ತನಾದ ಮೇಸ್ತ್ರಿಯ ನಮಸ್ಕಾರಗಳು.

ವಿಷಯ: ನನ್ನ ಮೊಮ್ಮಗಳ ಎಡಗೈಯನ್ನು ನನ್ನ ಒಪ್ಪಿಗೆಯಿಲ್ಲದೆ ನೆಟ್ಟಗೆ ಮಾಡಿರುವುದು.

ಏಳನೆಯ ವಯಸ್ಸಿನಲ್ಲಿ ಆ ಮಗುವಿನ ಕೈಗೆ ಗಾಲ್ಫ್ ಕೋಲು ಕೊಟ್ಟವನು ನಾನೆಂಬುದು ತಮಗೆ ತಿಳಿಯದ ಸಂಗತಿಯಲ್ಲ. ಬೀಸುವುದೆಲ್ಲ ಕೈಗಳ ಕೆಲಸ, ಎಡ ಮೊಣಕೈ ಮಡಿಸಿ ಕೋಲನ್ನು ಕತ್ತಿನ ಹಿಂದಕ್ಕೆ ಸುತ್ತಬೇಕು, ಆಮೇಲೆ ಸುರುಳಿ ಬಿಚ್ಚಿದಂತೆ ಬಿಡಬೇಕು ಎಂಬುದು ನನ್ನ ಪಾಠ. ಎಂಟು ವರ್ಷ ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ನನ್ನ ಮಂಡಿ ಕೈಕೊಟ್ಟಾಗ, ಎರಡು ವಾರ ಅವಳ ಮೇಲೊಂದು ಕಣ್ಣಿಡಿ ಎಂದು ತಮ್ಮಲ್ಲಿ ಕೋರಿದ್ದೆನೇ ಹೊರತು ಕಲಿಸಿರೆಂದು ಕೋರಿರಲಿಲ್ಲ. ಎರಡು ವಾರ ಮೂರು ತಿಂಗಳಾಯಿತು.

ಈಗ ಊಟಕ್ಕೆ ಕುಳಿತರೂ ತಮ್ಮದೇ ಮಾತು. “ತಾತ, ನಿಮ್ಮ ಗೆಳೆಯರು ಹೇಳ್ತಾರೆ, ಕೈ ಏನೂ ಮಾಡೋದೇ ಬೇಡ್ವಂತೆ. ಎದೆ ತಿರುಗಿದ್ರೆ ಸಾಕಂತೆ, ಕೈ ಅದರ ಜೊತೆ ತಾನಾಗೇ ಬರುತ್ತಂತೆ.” ಕೈ ಮಾಡದ ಕೆಲಸ ಯಾವುದಮ್ಮ ಎಂದು ಕೇಳಿದರೆ ಅವಳ ತಾಯಿ, ಎಂದರೆ ನನ್ನ ಮಗಳು, ಸಾರು ಬಡಿಸುತ್ತ ನಗುತ್ತಾಳೆ: “ಅಪ್ಪಾ, ಮುಖ ಯಾಕೆ ಊದಿಸ್ಕೊಂಡಿದ್ದೀರಿ? ಕಲಿಸ್ತಿರೋದು ನಿಮ್ಮ ಗೆಳೆಯರೇ ತಾನೇ!” ತಾವು ಕೊಟ್ಟ ನೀಲಿ ಅಂಚಿನ ಟವೆಲನ್ನು ಹುಡುಗಿ ಎದೆಗೆ ಅಡ್ಡಲಾಗಿ ಎರಡೂ ಕಂಕುಳಲ್ಲಿ ಅವುಚಿಕೊಂಡು ಕನ್ನಡಿಯ ಮುಂದೆ ಬೀಸುತ್ತಾಳೆ. ಕೈ ಎದೆ ಬಿಟ್ಟು ಹೋದರೆ ಟವೆಲು ಬೀಳುತ್ತದೆ. ಈಚೆಗೆ ಬೀಳುತ್ತಿಲ್ಲ. ಆ ಟವೆಲನ್ನು ಅವಳೇ ಒಗೆದುಕೊಳ್ಳುತ್ತಾಳೆ. ನಾನು ಕೊಡಿಸಿದ ಟೋಪಿ ಎಲ್ಲಿದೆಯೋ ದೇವರಿಗೇ ಗೊತ್ತು.

ಮಂಗಳವಾರ ಯಂತ್ರದ ಶೆಡ್ಡಿನ ಪಕ್ಕ, ಚೆಂಡು ತಡೆಯುವ ಬಲೆಯ ಹಿಂದೆ ನಿಂತು ನೋಡಿದೆನೆಂಬುದನ್ನು ಮುಚ್ಚಿಡಲಾರೆ. ಅವಳ ಎಡಗೈ ಭುಜದಿಂದ ಮಣಿಕಟ್ಟಿನವರೆಗೆ ಎಳೆದು ಕಟ್ಟಿದ ಹಗ್ಗದಂತೆ ನೆಟ್ಟಗಿತ್ತು. ಬಲ ಮೊಣಕೈ ಮಾತ್ರ ಮಡಿಯಿತು. ಮೊದಲು ಸೊಂಟ ತಿರುಗಿತು, ಆಮೇಲೆ ಕೈಗಳು ಇಳಿದವು, ಯಾವ ಅವಸರವೂ ಇರಲಿಲ್ಲ. ಎಂಟು ವರ್ಷ ಮೈದಾನದ ನಡುವಿನ ಕೊಳದೊಳಗೇ ಬೀಳುತ್ತಿದ್ದ ಚೆಂಡು ಕೊಳ ದಾಟಿತು. ಅವಳು ತಕ್ಷಣ ತಿರುಗಿ ನೋಡಿದ್ದು ತಮ್ಮನ್ನು. ತಾವು ಚಪ್ಪಾಳೆಯನ್ನೂ ತಟ್ಟಲಿಲ್ಲ, ತಲೆ ಒಂದಿಷ್ಟು ತೂಗಿದಿರಿ. ಅಷ್ಟಕ್ಕೇ ಆ ಮಗು ನಕ್ಕ ನಗೆಯನ್ನು ನಾನು ಎಂಟು ವರ್ಷದ ಹೊಗಳಿಕೆಯಲ್ಲೂ ಗಳಿಸಿರಲಿಲ್ಲ.

ಅಂದು ಸಂಜೆ ಪಡಸಾಲೆಯಲ್ಲಿ ನಾನೇ ಕೋಲು ಹಿಡಿದು ಬೀಸಿ ತೋರಿಸಿದೆ. ಅವಳು ದಿಟ್ಟಿಸಿ ನೋಡಿದಳು. “ತಾತ, ಎಡಗೈ ಒಂದ್ಸಲ ಪೂರ್ತಿ ಚಾಚಿ, ನೋಡೋಣ.” ಅದು ಚಾಚುವುದಿಲ್ಲವೆಂದು ತಾವು ಬಲ್ಲಿರಿ. “ಯಾವಾಗಿಂದ ಹೀಗೆ? ನಿಮ್ಮ ಗೆಳೆಯರನ್ನ ಕೇಳಿದ್ರೆ, ನಿಮ್ಮ ತಾತನ್ನೇ ಕೇಳಮ್ಮ ಅಂದ್ರು.” ಹತ್ತೊಂಬತ್ತರ ವಯಸ್ಸಿನಲ್ಲಿ ಹುಲ್ಲಿನ ರೋಲರು ತಾಗಿ ಮೂಳೆ ಮುರಿಯಿತು, ಡಾಕ್ಟರು ಸೊಟ್ಟಗೆ ಕೂಡಿಸಿದ ಎಂದೆ. ಅವಳು ನಕ್ಕಳು. “ಹಾಗಾದ್ರೆ ನಾನು ಇಷ್ಟು ವರ್ಷ ಕಲ್ತಿದ್ದು ನಿಮ್ಮ ಮುರಿದ ಕೈನಾ?” ಎಂದವಳ ನಗು ಅಲ್ಲೇ ನಿಂತಿತು. ನನಗೆ ರೇಗಿತು. ನಾಳೆಯಿಂದ ಮೈದಾನಕ್ಕೆ ಕಾಲಿಡಕೂಡದು ಎಂದುಬಿಟ್ಟೆ.

ಭಾನುವಾರ ತಂಡದ ಆಯ್ಕೆ. ನಿನ್ನೆಯಿಂದ ಟವೆಲು ಮೊಳೆಗೆ ನೇತಾಡುತ್ತಿದೆ.

ಆದುದರಿಂದ, ಅವಳನ್ನು ಕರೆಯಲು ತಾವು ಯಾರನ್ನೂ ಕಳುಹಿಸಕೂಡದೆಂದೂ, ಭಾನುವಾರ ಅವಳು ನಾನು ಕಲಿಸಿದ ರೀತಿಯಲ್ಲೇ ಆಡತಕ್ಕದ್ದೆಂದೂ ಈ ಮೂಲಕ ತಿಳಿಯಪಡಿಸುತ್ತೇನೆ.

ಇತಿ ತಮ್ಮ ಹಳೆಯ ಜೊತೆಗಾರ,
ಇಡೀ ಮೈದಾನದವರ ಅರ್ಜಿ ಬರೆದು ‘ಅರ್ಜಿ’ ಎಂದೇ ಹೆಸರಾದವನು

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಕಡ್ಡೀ, ಡಾಕ್ಟರದ್ದೇನೂ ತಪ್ಪಿರಲಿಲ್ಲ. ಆರು ವಾರ ಪ್ಲಾಸ್ಟರು ಬಿಚ್ಚಬೇಡ ಎಂದಿದ್ದ. ನಾಲ್ಕನೆಯ ವಾರ ಕೆಲಸಗಾರರ ಪಂದ್ಯದ ಪಟ್ಟಿಯಲ್ಲಿ ನನ್ನ ಹೆಸರಿನ ಜಾಗದಲ್ಲಿ ನಿನ್ನ ಹೆಸರು ಕಂಡೆ. ಶೆಡ್ಡಿಗೆ ಹೋಗಿ ಬೇಲಿ ಕತ್ತರಿಯಿಂದ ಪ್ಲಾಸ್ಟರು ಕತ್ತರಿಸಿಕೊಂಡೆ. ನನ್ನ ಹೆಸರು ಮತ್ತೆ ಬರೆಸಿ ಆಡಿದೆ, ಸೋತೆ, ಕೈ ಹಾಗೆಯೇ ಉಳಿಯಿತು. ಕತ್ತರಿಯ ಮೇಲಿನ ಬಿಳಿ ಪುಡಿಯನ್ನು ಒರೆಸಿಟ್ಟವನು ನೀನೇ ಎಂದು ನನಗೆ ಅಂದೇ ಗೊತ್ತಿತ್ತು. ನೀನು ಇಂದಿನವರೆಗೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಮೊನ್ನೆ ಹುಡುಗಿಯ ಹತ್ತಿರವೂ. ಈಗ ಅವಳನ್ನು ಕೂರಿಸಿಕೊಂಡು ನಾನೇ ಹೇಳುತ್ತೇನೆ. ಇಂದು ನಾಲ್ಕು ಗಂಟೆಗೆ ಟವೆಲು ತೆಗೆದುಕೊಂಡು ನಿನ್ನ ಬಳಿ ಬರುತ್ತಾಳೆ, ಈ ಕಾಗದವೂ ಅವಳ ಕೈಯಲ್ಲೇ. ಭಾನುವಾರ ನೆಟ್ಟಗಿನ ಕೈಯಲ್ಲೇ ಆಡಲಿ. ಆದರೆ ಚೆಂಡು ಕೊಳ ದಾಟಿದ ಮೇಲೆ ಒಂದೇ ಒಂದು ಸಲ ಬಲೆಯ ಕಡೆಗೂ ತಿರುಗಿ ನೋಡು ಎಂದು ಅವಳಿಗೆ ಹೇಳು. ನಾನು ಕೇಳಿದೆನೆಂದು ಮಾತ್ರ ಹೇಳಬೇಡ.